ನೀರು ಬಂದ ಊರು, ನೀರು ಬಾರದ ಊರು

ಪರನಾಡಿನಲ್ಲಿ ಇಬ್ಬರು ಕನ್ನಡಿಗರು ಹೊಸದಾಗಿ ಸಂಧಿಸಿದರೆ, ಹೆಸರು ಕೇಳುವುದಕ್ಕೂ ಮುಂಚೆ ‘ತಾವು ಯಾವ ಕಡೆಯವರು?’ ಎಂದು ಕೇಳುವುದು ವಾಡಿಕೆ. ಧಾರವಾಡ, ಮಂಡ್ಯ, ಉಡುಪಿ ಎಂದು ಉತ್ತರ ಬಂದೊಡನೆ ಕೇಳಿದವರ ಮನಸ್ಸಿನಲ್ಲಿ ಮೊದಲು ಮೂಡುವುದು ಊಟದ ತಟ್ಟೆ. ಇವರು ಜೋಳದ ರೊಟ್ಟಿಯವರು, ಅವರು ರಾಗಿ ಮುದ್ದೆಯವರು, ಇನ್ನೊಬ್ಬರು ಕುಚ್ಚಲಕ್ಕಿ ಗಂಜಿಯವರು ಎಂದು ನಾವು ಒಳಗೊಳಗೇ ವಿಂಗಡಿಸಿಬಿಡುತ್ತೇವೆ. ಸಂಘದ ಊಟದ ದಿನ ಪಂಕ್ತಿಯಲ್ಲಿ ಕುಳಿತು, ಈ ವಿಷಯವಾಗಿ ಪಕ್ಕದವರನ್ನು ಕೊಂಚ ಪರಿಹಾಸ್ಯ ಮಾಡದವರು ನಮ್ಮಲ್ಲಿ ವಿರಳ.

ಈ ಪರಿಹಾಸ್ಯದ ಹಿಂದೆ ಒಂದು ಶಾಸ್ತ್ರವೇ ಅಡಗಿದೆ. ಮಳೆಗೂ ಮಣ್ಣಿಗೂ ತಕ್ಕ ಬೆಳೆ, ಬೆಳೆಗೆ ತಕ್ಕ ಅಡುಗೆ. ವಿದ್ವಾಂಸರು ಇದನ್ನು ಆಹಾರದ ಭೂಗೋಳ ಎನ್ನುತ್ತಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಬತ್ತ. ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಎರೆಮಣ್ಣಿನ ವಿಜಾಪುರ, ಕಲಬುರ್ಗಿ, ಧಾರವಾಡಗಳ ಕಡೆ ಜೋಳ. ಅದರ ಕಾಲುಭಾಗದಷ್ಟೂ ಮಳೆ ಕಾಣದ ಮೈಸೂರು ಸೀಮೆಯ ಬಯಲಿನ ಕೆಂಪು ಮಣ್ಣಿನಲ್ಲಿ ರಾಗಿ. ನಮ್ಮ ಅಜ್ಜಿಯರು ಯಾರೂ ಭೂಗೋಳ ಓದಿದವರಲ್ಲ. ಆದರೆ ಅವರ ಒಲೆಯ ಮೇಲೆ ಬೇಯುತ್ತಿದ್ದ ಪದಾರ್ಥವನ್ನು ನೋಡಿ ಆ ಊರಿನ ಮಳೆಯ ಪ್ರಮಾಣವನ್ನು ಸ್ಥೂಲವಾಗಿ ಹೇಳಬಹುದಾಗಿತ್ತು.

ಮಳೆ ಬರೆದಿಟ್ಟ ಈ ನಕಾಶೆಯನ್ನು ಮನುಷ್ಯನು ತಿದ್ದಿದರೆ ಏನಾಗುವುದು? ಮೋಡವನ್ನೇ ನಂಬಿದ್ದ ಊರಿಗೆ ಕಾಲುವೆಯ ನೀರು ಬಂದರೆ ಅಲ್ಲಿನ ಊಟ ಬದಲಾಗುವುದೇ? ಊಟಕ್ಕಿಂತ ಮಿಗಿಲಾಗಿ, ಜನರ ಪರಸ್ಪರ ಸಂಬಂಧ ಬದಲಾಗುವುದೇ? ಬಂದ ಭಾಗ್ಯ ಎಲ್ಲರ ಮನೆಗೂ ಹಂಚಿಕೆಯಾಗುವುದೇ? ಈ ಪ್ರಶ್ನೆಗಳನ್ನು ಹೊತ್ತು ೧೯೫೪ರಲ್ಲಿ ಇಂಗ್ಲೆಂಡಿನಿಂದ ಮಂಡ್ಯದ ಹಳ್ಳಿಗೆ ಬಂದ ಒಬ್ಬ ವಿದುಷಿಯ ಸಂಶೋಧನೆಯನ್ನು ಈ ಸಂಚಿಕೆಯ ವಾಚಕರಿಗೆ ಪರಿಚಯ ಮಾಡಿಕೊಡಬೇಕೆಂದು ನಮ್ಮ ಆಶಯ.

ವಿಯೆನ್ನಾದಿಂದ ಮಂಡ್ಯಕ್ಕೆ

ಈಕೆಯ ಹೆಸರು ಸ್ಕಾರ್ಲೆಟ್ ಎಪ್‌ಸ್ಟೈನ್. ಜನನ ೧೯೨೨ರಲ್ಲಿ, ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಒಂದು ಯೆಹೂದ್ಯ ಮನೆತನದಲ್ಲಿ. ೧೯೩೮ರಲ್ಲಿ ಹಿಟ್ಲರನು ಆ ದೇಶವನ್ನು ನುಂಗಿದಾಗ ಹದಿನಾರು ವರ್ಷವೂ ತುಂಬದ ಈ ಹುಡುಗಿ ಮನೆ ಮಾರು ಬಿಟ್ಟು ಓಡಬೇಕಾಯಿತು. ಕೊನೆಗೆ ಇಂಗ್ಲೆಂಡನ್ನು ಸೇರಿ, ಮ್ಯಾಂಚೆಸ್ಟರಿನಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದು ಹೊಟ್ಟೆ ಹೊರೆದರು. ಅನಂತರ ಛಲದಿಂದ ವಿದ್ಯಾಭ್ಯಾಸ ಮುಂದುವರಿಸಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನೂ, ಮಾಕ್ಸ್ ಗ್ಲಕ್‌ಮನ್ ಎಂಬ ಖ್ಯಾತ ಪ್ರಾಧ್ಯಾಪಕರ ಬಳಿ ಮಾನವಶಾಸ್ತ್ರವನ್ನೂ ಕಲಿತರು. ಅರ್ಥಶಾಸ್ತ್ರಜ್ಞರು ಪಟ್ಟಣದಲ್ಲಿ ಕುಳಿತು ಅಂಕಿಗಳನ್ನು ನೋಡುತ್ತಾರೆ, ಮಾನವಶಾಸ್ತ್ರಜ್ಞರು ಹಳ್ಳಿಯಲ್ಲಿ ಕುಳಿತು ಮದುವೆ ಹಬ್ಬಗಳನ್ನು ನೋಡುತ್ತಾರೆ ಎಂಬುದು ಆ ಕಾಲದ ಮಾತು. ಈಕೆ ಎರಡನ್ನೂ ಒಟ್ಟಿಗೆ ಮಾಡಲು ಹೊರಟರು.

ಅದಕ್ಕೆ ಮಂಡ್ಯಕ್ಕಿಂತ ಒಳ್ಳೆಯ ಸ್ಥಳ ಸಿಗುವುದು ಕಷ್ಟವಾಗಿತ್ತು. ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕಾರ್ಯ ೧೯೧೧ರಲ್ಲಿ ಆರಂಭವಾಗಿ, ಮುಗಿಯುವುದಕ್ಕೆ ಎರಡು ದಶಕಗಳೇ ಹಿಡಿದವು. ಅದರ ಎಡದಂಡೆಯಿಂದ ಹೊರಟ ಕಾಲುವೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರಿದ್ದು, ಮುಂದೆ ವಿಶ್ವೇಶ್ವರಯ್ಯ ನಾಲೆ ಎಂದಾಯಿತು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಮಹಾಶಯರ ಪ್ರಯತ್ನವೂ ಸೇರಿ, ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಹೀಗೆ ಒಂದೇ ತಲೆಮಾರಿನೊಳಗೆ ರಾಗಿ ಹೊಲಗಳ ಸೀಮೆಯ ನಡುವೆ ಬತ್ತದ ಗದ್ದೆಯೂ ಕಬ್ಬಿನ ತೋಟವೂ ಎದ್ದು ನಿಂತವು.

ಡಾಕ್ಟರ್ ಎಪ್‌ಸ್ಟೈನ್ ೧೯೫೪ರಿಂದ ೧೯೫೬ರವರೆಗೆ ಈ ಸೀಮೆಯ ಎರಡು ಹಳ್ಳಿಗಳಲ್ಲಿ ವಾಸ ಮಾಡಿದರು. ಹಳ್ಳಿಗರ ಮಾನಕ್ಕೆ ಕುಂದು ಬರಬಾರದೆಂದು ತಮ್ಮ ಗ್ರಂಥದಲ್ಲಿ ಆ ಊರುಗಳಿಗೆ ವಂಗಲ, ದಲೇನ ಎಂದು ಕಲ್ಪಿತ ಹೆಸರುಗಳನ್ನಿಟ್ಟರು. ಎರಡೂ ಮಂಡ್ಯ ಪಟ್ಟಣಕ್ಕೆ ಸಮೀಪದವು; ಎರಡರಲ್ಲೂ ಒಕ್ಕಲಿಗರೇ ಹೆಚ್ಚು; ಎರಡರಲ್ಲೂ ರಾಗಿಯೇ ಆಹಾರ. ಮುಖ್ಯ ವ್ಯತ್ಯಾಸ ಒಂದೇ. ವಂಗಲದ ಜಮೀನಿಗೆ ಕಾಲುವೆಯ ನೀರು ಹರಿಯಿತು. ದಲೇನದ ಜಮೀನು ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಏರಲಿಲ್ಲ.

ನಾವು ಸರ್ಕಾರಿ ಕಚೇರಿಯಲ್ಲಿ ದಿನವೆಲ್ಲ ಅಂಕಣಗಳನ್ನು ತುಂಬುವ ಕೆಲಸದವರು. ಆದ್ದರಿಂದ ಈಕೆಯ ಪುಸ್ತಕವನ್ನು ತೆರೆದಾಗ ನಮ್ಮ ಕಣ್ಣು ಮೊದಲು ಹೋದದ್ದು ಕೋಷ್ಟಕಗಳ ಕಡೆಗೆ. ಒಂದು ಸಂಸಾರಕ್ಕೆ ವರಮಾನ ಎಲ್ಲಿಂದ, ಊಟಕ್ಕೆ ಎಷ್ಟು, ಬಟ್ಟೆಗೆ ಎಷ್ಟು, ಒಂದು ಎಕರೆ ಕಬ್ಬಿಗೆ ಎಷ್ಟು ಆಳು, ಒಂದು ಎಕರೆ ರಾಗಿಗೆ ಎಷ್ಟು ಆಳು ಎಂದು ಮನೆಮನೆಯ ಜಮಾಖರ್ಚನ್ನು ಬರೆದಿಟ್ಟಿದ್ದಾರೆ. ತಮ್ಮ ಮನೆಯ ತಿಂಗಳ ಲೆಕ್ಕವನ್ನು ಪರರಿಗೆ ತೋರಿಸಲು ನಾವು ನೀವು ಎಷ್ಟು ಸಂಕೋಚಪಡುತ್ತೇವೆಂಬುದನ್ನು ನೆನೆದರೆ, ಹಳ್ಳಿಯ ಗೃಹಸ್ಥರು ಪರದೇಶದ ಹೆಣ್ಣುಮಗಳ ಮುಂದೆ ಅಷ್ಟನ್ನೆಲ್ಲ ಬಿಚ್ಚಿ ಹೇಳಿದ್ದು ಆಕೆ ಗಳಿಸಿದ್ದ ವಿಶ್ವಾಸಕ್ಕೆ ಸಾಕ್ಷಿ. ಈ ಗ್ರಂಥ ೧೯೬೨ರಲ್ಲಿ ಅಚ್ಚಾಯಿತು.

ಕಂಡ ವೈಚಿತ್ರ್ಯ

ನೀರು ಬಂದ ವಂಗಲವೇ ಪೂರ್ತಿ ಬದಲಾಗಿರಬೇಕು, ನೀರು ಬಾರದ ದಲೇನ ಇದ್ದಂತೆಯೇ ಇರಬೇಕು ಎಂದು ಯಾರಾದರೂ ಊಹಿಸುವುದು ಸಹಜ. ಡಾಕ್ಟರ್ ಎಪ್‌ಸ್ಟೈನ್ ಕಂಡದ್ದು ಇದಕ್ಕೆ ನೇರ ವಿರುದ್ಧ.

ವಂಗಲದಲ್ಲಿ ಹಣ ಹೆಚ್ಚಿತು, ನಿಜ. ಕಾರ್ಖಾನೆಯವರು ಕಬ್ಬಿಗೆ ಮುಂಗಡ ಕೊಟ್ಟರು, ಕಬ್ಬು ಕಡಿದ ಮೇಲೆ ಒಮ್ಮೆಗೇ ದುಡ್ಡು ಕೈಸೇರಿತು. ಆದರೆ ಹೊಲದ ಒಡೆಯ ಹೊಲದ ಒಡೆಯನಾಗಿಯೇ ಉಳಿದನು. ಮೊದಲು ರಾಗಿ ಬಿತ್ತುತ್ತಿದ್ದವನು ಈಗ ಜೊತೆಗೆ ಬತ್ತ ನಾಟಿ ಮಾಡಿಸಿದ, ಕಬ್ಬು ನೆಟ್ಟ, ಕಸುಬು ಅದೇ. ನೀರಾವರಿ ಬೇಸಾಯಕ್ಕೆ ಆಳು ಹೆಚ್ಚು ಬೇಕಾದುದರಿಂದ ತಲೆತಲಾಂತರದಿಂದ ತನ್ನ ಮನೆಗೆ ದುಡಿಯುತ್ತಿದ್ದ ಆದಿಕರ್ನಾಟಕ ಕುಟುಂಬವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಕುಲದ ಯಜಮಾನರ ಮಾತಿಗೆ ಬೆಲೆ ತಗ್ಗಲಿಲ್ಲ. ಹೊಸ ಹಣ ಹಳೆಯ ಗೋಡೆಗೆ ಸುಣ್ಣ ಬಳಿಯಿತು, ಗೋಡೆಯನ್ನು ಕದಲಿಸಲಿಲ್ಲ.

ಅಲ್ಲಿ ನಡೆದ ಒಂದು ಪ್ರಸಂಗವನ್ನು ಈ ವಿದುಷಿ ದಾಖಲೆ ಮಾಡಿದ್ದಾರೆ. ವಂಗಲದ ಆದಿಕರ್ನಾಟಕರು ಒಂದು ನಾಟಕ ಆಡಲು ಹೊರಟರು. ನಾಟಕವೆಂದ ಮೇಲೆ ರಾಜನ ಪಾತ್ರ ಇರಲೇಬೇಕಷ್ಟೆ. ರಾಜನು ಸಿಂಹಾಸನದ ಮೇಲೆ ಕುಳಿತುಕೊಳ್ಳಲೇಬೇಕು. ತಮ್ಮ ಆಳಿನ ಕುಲದವನು ಎತ್ತರದ ಪೀಠದಲ್ಲಿ ಕುಳಿತು ತಾವು ನೆಲದ ಮೇಲೆ ಕುಳಿತು ನೋಡುವುದೇ ಎಂದು ಒಕ್ಕಲಿಗ ಯಜಮಾನರು ಕೆರಳಿ, ಅವರಿಗೆ ಕೆಲಸ ಕೊಡದಂತೆ ಕಟ್ಟು ಮಾಡಿದರು. ಗದ್ದೆಗೆ ಹೊಸ ಗೊಬ್ಬರವನ್ನೂ ಹೊಸ ಬೆಳೆಯನ್ನೂ ಒಪ್ಪಿಕೊಂಡ ಊರು, ಒಂದು ರಾತ್ರಿಯ ಮಟ್ಟಿಗೆ ಬಣ್ಣ ಹಚ್ಚಿದ ರಾಜನನ್ನು ಒಪ್ಪಲಾರದೆ ಹೋಯಿತು. ಇಷ್ಟಾದರೂ ಹಳೆಯ ಸಂಬಂಧ ಮುರಿದುಬೀಳಲಿಲ್ಲ. ಒಬ್ಬರಿಗೆ ಆಳು ಬೇಕಿತ್ತು, ಇನ್ನೊಬ್ಬರಿಗೆ ಅನ್ನ ಬೇಕಿತ್ತು.

ದಲೇನದ ಕಥೆ ಬೇರೆ. ಸುತ್ತಮುತ್ತಲ ಊರುಗಳೆಲ್ಲ ಹಸುರಾಗುತ್ತಿರುವಾಗ ತಮ್ಮ ನೆಲ ಮಾತ್ರ ಒಣಗಿರುವುದನ್ನು ನೋಡುತ್ತ ಅಲ್ಲಿನವರು ಕೈಕಟ್ಟಿ ಕೂರಲಿಲ್ಲ. ಕೆಲವರು ನೀರಿರುವ ಅಕ್ಕಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು. ಕೆಲವರು ಮಂಡ್ಯದಲ್ಲಿ ಕೆಲಸ ಹಿಡಿದು ದಿನವೂ ಹೋಗಿಬರತೊಡಗಿದರು. ಕೆಲವರು ಬಾಡಿಗೆ ಗಾಡಿ ಹೊಡೆದರು, ದನದ ವ್ಯಾಪಾರಕ್ಕೆ ಇಳಿದರು, ಹಿಟ್ಟಿನ ಗಿರಣಿ ಇಟ್ಟರು. ಹಗಲೆಲ್ಲ ಪಟ್ಟಣದಲ್ಲಿರುವ ಯಜಮಾನನಿಗೆ ವರ್ಷದ ಆಳಿನ ಅಗತ್ಯ ಕಡಮೆಯಾಯಿತು. ಹೀಗೆ ಪರಂಪರೆಯ ನಂಟು ಸಡಿಲವಾಯಿತು. ಕುಲದ ಹಿರಿಯರ ಅಧಿಕಾರವೂ ಸಂಪಾದಿಸುವ ಕಿರಿಯರ ಮುಂದೆ ಕುಗ್ಗಿತು. ನೀರು ಬಾರದ ಊರೇ ಹೆಚ್ಚು ಬದಲಾಯಿತು. ಒಂದು ಊರು ಒಳಮುಖವಾಯಿತು, ಇನ್ನೊಂದು ಹೊರಮುಖವಾಯಿತು ಎಂದು ಡಾಕ್ಟರ್ ಎಪ್‌ಸ್ಟೈನ್ ಮುಂದೆ ಬಣ್ಣಿಸಿದರು.

ಊರು ಬಿಟ್ಟು ಬಂದ ನಾವು ಇದನ್ನು ಓದುವಾಗ ಸ್ವಲ್ಪ ನಿಂತು ಯೋಚಿಸುವಂತಾಗುತ್ತದೆ. ನಮ್ಮ ಸಂಘದ ಹಿರಿಯರಲ್ಲಿ ಎಷ್ಟು ಮಂದಿ, ತಮ್ಮ ಊರಿನಲ್ಲಿ ನೀರು ಸಾಲದೆ ಮುಂಬಯಿಯ ರೈಲು ಹತ್ತಿದವರು! ಅವರೆಲ್ಲ ಒಂದು ರೀತಿಯಲ್ಲಿ ದಲೇನದವರೇ.

ರಾಗಿಯ ಪಾಲು

ಈ ಸಂಶೋಧನೆಯಲ್ಲಿ ನಮಗೆ ಅತ್ಯಂತ ಮುಖ್ಯವೆಂದು ತೋರಿದ್ದು ರಾಗಿಯ ಸಂಗತಿ. ಒಕ್ಕಲಿಗನ ಮನೆಗೆ ವಂಶಪಾರಂಪರ್ಯವಾಗಿ ದುಡಿಯುವ ಆದಿಕರ್ನಾಟಕ ಕುಟುಂಬಕ್ಕೆ ಸುಗ್ಗಿಯಲ್ಲಿ ಇಂತಿಷ್ಟು ರಾಗಿ, ಇಂತಿಷ್ಟು ಹುಲ್ಲು ಎಂದು ಗೊತ್ತುಪಾಡು ಇತ್ತು. ಕಮ್ಮಾರ, ಅಗಸ, ಕ್ಷೌರಿಕ ಮೊದಲಾದವರಿಗೂ ಹೀಗೆಯೇ ಕಣದಲ್ಲಿ ಪಾಲು ಸಲ್ಲುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಆಯ ಎಂದು ಹೆಸರು. ಈ ಪಾಲಿನ ಪ್ರಮಾಣ ಬೆಳೆಯೊಂದಿಗೆ ಏರಿಳಿಯುತ್ತಿರಲಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಮಿಕ್ಕದ್ದೆಲ್ಲ ಒಡೆಯನ ಹಗೇವಿಗೆ ಸೇರಿತು. ಆತ ಮದುವೆ ಹಬ್ಬಗಳನ್ನು ಮೆರೆಸಿ ಹೆಸರು ಪಡೆದ. ಮಳೆ ಕೈಕೊಟ್ಟ ವರ್ಷ ಒಡೆಯನ ಪಾಲು ಕರಗಿತು, ಆದರೆ ಆಳಿನ ಪಾಲು ನಿಂತಿತು. ಬರಗಾಲದಲ್ಲಿ ಇಬ್ಬರ ಊಟವೂ ಸುಮಾರು ಒಂದೇ ಮಟ್ಟಕ್ಕೆ ಬರುತ್ತಿತ್ತು ಎಂಬುದು ಡಾಕ್ಟರ್ ಎಪ್‌ಸ್ಟೈನ್ ಅವರ ವಾದ.

ಇದರಲ್ಲಿ ದಯೆಯೂ ಇಲ್ಲ, ಸಮಾನತೆಯೂ ಇಲ್ಲ. ಸಿಂಹಾಸನದ ಪ್ರಸಂಗವನ್ನು ಓದಿದ ಮೇಲೆ ಆ ವ್ಯವಸ್ಥೆಯನ್ನು ಹಾಡಿ ಹೊಗಳುವ ಧೈರ್ಯ ಯಾರಿಗೂ ಬರಲಾರದು. ಆದರೂ ಅದು ಹಸಿವಿಗೆ ಒಂದು ಬಗೆಯ ವಿಮೆಯಾಗಿತ್ತು. ಮಳೆ ಯಾವಾಗ ಕೈಕೊಡುವುದೋ ತಿಳಿಯದ ಸೀಮೆಯಲ್ಲಿ ಬಡವನು ತನ್ನ ಮಾನವನ್ನು ಕಂತು ಕಟ್ಟಿ ಆ ವಿಮೆಯನ್ನು ಕೊಳ್ಳುತ್ತಿದ್ದನು.

ಈ ವಿಮೆಗೆ ರಾಗಿಯೇ ಏಕೆ ತಳಹದಿಯಾಯಿತೆಂಬುದನ್ನು ಆಹಾರದ ಭೂಗೋಳ ವಿವರಿಸುತ್ತದೆ. ರಾಗಿ ಅಲ್ಪ ಮಳೆಗೂ ಬಾಗುವ ಬೆಳೆಯಲ್ಲ. ಒಣಗಿಸಿ ಹಗೇವಿನಲ್ಲಿ ತುಂಬಿದರೆ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತದೆ. ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿದ ಕಥೆಯನ್ನು ವಾಚಕರು ಬಲ್ಲರು. ಅಲ್ಲಿ ರಾಗಿ ಗೆದ್ದದ್ದು ಈ ತಾಳಿಕೆಯ ಗುಣದಿಂದಲೇ. ನಾಲ್ಕು ಶತಮಾನಗಳ ಮೇಲೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ತೂಗಿ ನೋಡಿ, ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಸುಮಾರು ೩೫೦ ಮಿಲಿಗ್ರಾಂ ಇದೆಯೆಂದೂ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರವೆಂದೂ ತಿಳಿಸಿದ್ದಾರೆ. ದಾಸರ ತೀರ್ಪಿಗೆ ತಕ್ಕಡಿಯೂ ಒಪ್ಪಿಗೆ ಕೊಟ್ಟಿತು.

ನೀರಾವರಿ ಬಂದಾಗ ಏನಾಯಿತು? ಹಳೆಯ ಪಾಲು ಮಳೆಗೆ ಬೆಳೆಯುವ ರಾಗಿಗೆ ಸಂಬಂಧಪಟ್ಟದ್ದು. ಕಬ್ಬಿನ ಹಣದಲ್ಲಿ ಪಾಲು ಕೊಡಬೇಕೆಂಬ ಕಟ್ಟಳೆಯನ್ನು ಅಜ್ಜಂದಿರು ಮಾಡಿರಲಿಲ್ಲ; ಅವರ ಕಾಲದಲ್ಲಿ ಅಷ್ಟು ಕಬ್ಬೇ ಇರಲಿಲ್ಲ. ಹೀಗಾಗಿ ಕಾಲುವೆಯಿಂದ ಬಂದ ಹೆಚ್ಚಳವೆಲ್ಲ ಭೂಮಿಯಿದ್ದವನ ಕೈಗೆ ಹೋಯಿತು. ಆಳಿಗೆ ಹೆಚ್ಚು ಕೆಲಸ ಸಿಕ್ಕಿತು, ದಿನಗೂಲಿ ಸಿಕ್ಕಿತು. ಆದರೆ ಆ ಹೊಸ ಸಂಪತ್ತಿನಲ್ಲಿ ಅವನಿಗೆ ಹಕ್ಕು ಸಿಗಲಿಲ್ಲ. ದುಡ್ಡಿಗೂ ಧಾನ್ಯಕ್ಕೂ ಇರುವ ವ್ಯತ್ಯಾಸವನ್ನು ತಿಂಗಳ ಕೊನೆಯ ವಾರದಲ್ಲಿ ದಿನಸಿ ಅಂಗಡಿಗೆ ಹೋಗುವ ನಮ್ಮ ಮನೆಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಕೈಗೆ ಬರುವ ಸಂಬಳ ಅಷ್ಟೇ ಇರುತ್ತದೆ, ಅದರಲ್ಲಿ ಬರುವ ಧಾನ್ಯ ಮಾತ್ರ ಕಡಮೆಯಾಗುತ್ತದೆ.

ಮರಳಿ ನೋಡಿದಾಗ

ಒಂದು ಸಲ ಬಂದು, ಪುಸ್ತಕ ಬರೆದು, ಊರನ್ನು ಮರೆಯುವವರು ಬಹಳ. ಈಕೆ ಹಾಗಲ್ಲ. ೧೯೭೦ರಲ್ಲಿ ಮತ್ತೆ ಅದೇ ಎರಡು ಹಳ್ಳಿಗಳಿಗೆ ಬಂದು, ೧೯೭೩ರಲ್ಲಿ ಎರಡನೆಯ ಗ್ರಂಥವನ್ನು ಪ್ರಕಟಿಸಿದರು. ಹದಿನೈದು ವರ್ಷಗಳಲ್ಲಿ ಉಳ್ಳವರು ಇನ್ನಷ್ಟು ಉಳ್ಳವರಾಗಿದ್ದರು. ಭೂಮಿಯಿಲ್ಲದ ಆದಿಕರ್ನಾಟಕರು ಅವರಿಗೆ ಹೋಲಿಸಿದರೆ ಇನ್ನೂ ಹಿಂದೆ ಬಿದ್ದಿದ್ದರು. ಊರಿನ ಒಟ್ಟು ವರಮಾನ ಹೆಚ್ಚಿದ ಮಾತ್ರಕ್ಕೆ ಬಡವನ ಮಡಕೆ ತುಂಬುವುದಿಲ್ಲವೆಂದು ಆಕೆಯ ಕೋಷ್ಟಕಗಳು ನುಡಿದವು. ಸರ್ಕಾರದ ವರದಿಗಳಲ್ಲಿ ಇಡೀ ತಾಲ್ಲೂಕಿನ ಸರಾಸರಿಯನ್ನು ಬರೆದು ಗೆರೆ ಎಳೆಯುವ ನಮ್ಮಂಥವರಿಗೆ ಇದು ನೆನಪಿನಲ್ಲಿಡತಕ್ಕ ಪಾಠ. ಸರಾಸರಿಯನ್ನು ಯಾರೂ ಊಟ ಮಾಡುವುದಿಲ್ಲ.

ಅಲ್ಲಿಗೂ ಸಂಬಂಧ ಮುಗಿಯಲಿಲ್ಲ. ಎ. ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಎಂಬ ಇಬ್ಬರು ಕನ್ನಡಿಗರ ಜೊತೆಗೂಡಿ, ಈ ಹಳ್ಳಿಗಳ ನಲವತ್ತು ವರ್ಷಗಳ ಪರಿವರ್ತನೆಯನ್ನು ಕುರಿತು ೧೯೯೮ರಲ್ಲಿ ಇನ್ನೊಂದು ಪುಸ್ತಕ ತಂದರು. ೨೦೧೪ರಲ್ಲಿ ತೀರಿಕೊಳ್ಳುವವರೆಗೂ ಹಳ್ಳಿಯ ಬಡಜನರ ಚಿಂತೆಯನ್ನು ಅವರು ಬಿಡಲಿಲ್ಲ. ತಾನು ಹುಟ್ಟಿದ ಊರಿನಿಂದ ಅಟ್ಟಲ್ಪಟ್ಟ ಒಬ್ಬ ಹೆಣ್ಣುಮಗಳು, ತನ್ನದಲ್ಲದ ಊರುಗಳನ್ನು ಇಷ್ಟು ಕಾಲ ಹೃದಯದಲ್ಲಿ ಇಟ್ಟುಕೊಂಡದ್ದು ಗೌರವಕ್ಕೆ ಪಾತ್ರವಾದ ಸಂಗತಿ.

ಎರಡು ಊರುಗಳ ವೃತ್ತಾಂತವನ್ನು ಇಡೀ ನಾಡಿಗೆ ಅನ್ವಯಿಸುವುದು ತರವಲ್ಲ. ತುಂಗಭದ್ರೆಯ ಬಯಲಿನ ಕಥೆ ಬೇರೆ ಇರಬಹುದು, ಮಲಪ್ರಭೆಯ ಕಥೆ ಇನ್ನೂ ಬೇರೆ. ಆದರೆ ಈ ವಿದುಷಿ ಕೇಳಿದ ಪ್ರಶ್ನೆ ಎಲ್ಲ ಕಾಲುವೆಗಳಿಗೂ ಸಲ್ಲುತ್ತದೆ: ನೀರು ಹರಿದದ್ದು ಯಾರ ಗದ್ದೆಗೆ, ಅನ್ನ ಹರಿದದ್ದು ಯಾರ ಮನೆಗೆ?

ಈ ನಡುವೆ ರಾಗಿಯ ಯೋಗವೂ ತಿರುಗಿದೆ. ಮಂಡ್ಯದ ವಿ. ಸಿ. ಫಾರಂನಲ್ಲಿಯೇ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರ ಮಾಡಿ, ಇಂಡಾಫ್ ಎಂಬ ಅಧಿಕ ಇಳುವರಿಯ ತಳಿಗಳನ್ನು ರೈತರ ಕೈಗಿತ್ತು ‘ರಾಗಿ ಲಕ್ಷ್ಮಣಯ್ಯ’ ಎಂದೇ ಪ್ರಸಿದ್ಧರಾದರು. ೨೦೨೩ನೆಯ ಇಸವಿಯನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಒಂದು ಕಾಲದಲ್ಲಿ ಬಡವರ ಹಿಟ್ಟೆಂದು ಮೂಗು ಮುರಿದ ಮನೆಗಳಲ್ಲಿಯೇ ಈಗ ವೈದ್ಯರ ಸಲಹೆಯ ಮೇರೆಗೆ ರಾಗಿ ಅಂಬಲಿ ಕಾಯುತ್ತದೆ. ಮುಂಬಯಿಯ ಅಂಗಡಿಗಳಲ್ಲಿ ಅದು ಅಂದವಾದ ಪೊಟ್ಟಣಗಳಲ್ಲಿ ದೊರೆಯುತ್ತದೆ. ಸಂತೋಷ. ಆದರೆ ಕಣದಲ್ಲಿ ಪಾಲು ಪಡೆಯುತ್ತಿದ್ದವನ ಮೊಮ್ಮಗನಿಗೆ ಆ ಪೊಟ್ಟಣದ ಬೆಲೆ ನಿಲುಕುತ್ತದೆಯೇ ಎಂದು ಕೇಳಿಕೊಳ್ಳುವುದೂ ಒಳ್ಳೆಯದು.

ನಮ್ಮ ಸಂಘದ ಅನೇಕ ಸದಸ್ಯರಿಗೆ ಊರಿನಲ್ಲಿ ಇನ್ನೂ ಒಂದೆರಡು ಎಕರೆ ಹೊಲವೋ ಗದ್ದೆಯೋ ಉಂಟು. ದಾಯಾದಿಗಳೋ ಗುತ್ತಿಗೆಯವರೋ ಅದನ್ನು ನೋಡಿಕೊಳ್ಳುತ್ತಿರುತ್ತಾರೆ. ಸುಗ್ಗಿಯಾದ ಮೇಲೆ ನಮಗೆ ಸಲ್ಲಬೇಕಾದದ್ದು ಹಣವಾಗಿ ಬರುತ್ತದೆ, ನಾವು ಎಣಿಸಿಕೊಂಡು ಸುಮ್ಮನಾಗುತ್ತೇವೆ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ವಾಚಕರು ಅಣ್ಣತಮ್ಮಂದಿರನ್ನು ‘ನಮಗೆ ಎಷ್ಟು ಬಂತು?’ ಎಂದು ಕೇಳುವುದರ ಜೊತೆಗೆ, ‘ನಾಟಿ ಮಾಡಿದವರಿಗೆ, ಕಟಾವು ಮಾಡಿದವರಿಗೆ ಎಷ್ಟು ಹೋಯಿತು, ಅದರಲ್ಲಿ ಅವರಿಗೆ ಎಷ್ಟು ದಿನದ ಊಟ ನಡೆಯಿತು?’ ಎಂದೂ ಕೇಳಿ ನೋಡಲಿ. ಉತ್ತರ ಸಿಹಿಯಾಗಿಯೇ ಇರುವುದೆಂಬ ಭರವಸೆಯನ್ನು ನಾವು ಕೊಡಲಾರೆವು. ಆದರೆ ವಿಯೆನ್ನಾದಿಂದ ಬಂದವರು ಕೇಳಿದ ಪ್ರಶ್ನೆಯನ್ನು ಅದೇ ಮಣ್ಣಿನ ಮಕ್ಕಳಾದ ನಾವು ಕೇಳಲು ಹಿಂಜರಿಯುವುದು ಸರಿಯಲ್ಲ.